ಒಳ್ಳೆ ಹೆಸರಿಗೆ ಹೊರಟ ಕಾಫಿ

"ಕಾಫಿ ಮೈಗೆ ಒಳ್ಳೇದಲ್ಲವಂತೆ" ಎಂದು ಸೊಸೆ ನಾಗವೇಣಿ ಅಂದದ್ದೇ ತಡ, ಲೋಟದಲ್ಲಿ ಹಾಲಿಗೆ ಕಾಯುತ್ತಿದ್ದ ಡಿಕಾಕ್ಷನ್ನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಈ ಮನೆಯಿಂದಲೇ ಓಡಿಸಿಬಿಟ್ಟರೆ ತನ್ನ ಗತಿಯೇನು?

ಪಕ್ಕದ ಒಗ್ಗರಣೆ ಡಬ್ಬಿಯನ್ನು ಕೂಗಿತು. "ಶುಂಠಿಯಣ್ಣ, ಬನ್ನಿ, ನನಗೊಂಚೂರು ಒಳ್ಳೆ ಹೆಸರು ತಂದುಕೊಡಿ!"

ಶುಂಠಿ ಧುಮುಕಿತು. ಸಾಲದು ಅನ್ನಿಸಿ ಕಾಫಿ ಅರಿಶಿನವನ್ನು ಕರೆಯಿತು. ಆಗಲೂ ಜೀವ ತಡೆಯದೆ ಮೆಣಸನ್ನೂ ಮೆಂತ್ಯವನ್ನೂ ಎಳೆದುಕೊಂಡಿತು.

"ಸ್ವಲ್ಪ ಸರಿದು ಕೂತ್ಕೊಳಯ್ಯ, ಕಾಲು ಚಾಚೋಕೆ ಜಾಗವಿಲ್ಲ" ಎಂದಿತು ಮೆಂತ್ಯ.

"ಇದು ನನ್ನ ಲೋಟ!"

"ಆಗಿತ್ತು" ಎಂದಿತು ಮೆಣಸು.

ನಾಗವೇಣಿ ಇತ್ತ ನೋಡದೆಯೇ ಹಾಲು ಬೆರೆಸಿ ಅತ್ತೆ ವೆಂಗಮ್ಮಜ್ಜಿಯ ಕೈಗಿಟ್ಟಳು. ಅಜ್ಜಿ ಒಂದು ಗುಟುಕಿಗೇ ಮುಖ ಕಿವುಚಿ, ಆಮೇಲೆ ಮೂಗು ಮುಚ್ಚಿಕೊಂಡು ಗಟಗಟ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಕಷಾಯ ಗಟ್ಟಿಯಾಗಿದೆ ಕಣೆ ವೇಣಿ, ನೆಗಡಿ ಹಾರಿಹೋಗುತ್ತೆ. ಸರಿ, ಈಗ ಕಾಫಿ ತಾ. ಅದಿಲ್ಲದೆ ನನಗೆ ಬೆಳಗಾಗಲ್ಲ."

"ನಾನಿಲ್ಲೇ ಇದ್ದೀನಿ ಅಜ್ಜೀ!" ಎಂದು ಕಾಫಿ ಹೊಟ್ಟೆಯೊಳಗಿಂದ ಬಡಕೊಂಡಿತು.

ಯಾರಿಗೆ ಕೇಳಬೇಕು? ಅಜ್ಜಿಗೆ ಒಂದು ತೇಗು ಬಂತು. ಅದೂ ಮೆಂತ್ಯದ್ದೇ.