ಹೊಳೆಯ ನಡುವೆ ಹುಟ್ಟು ಎತ್ತಿದ ಫಕೀರವ್ವ

ಕೂಡ್ರಿ, ಹೇಳ್ತೇನೆ. ನಮ್ಮಜ್ಜಿಗೆ ಅವಳ ಅಜ್ಜಿ ಹೇಳಿದ ಮಾತಿದು. ಆ ಅಜ್ಜಿಗೆ ಯಾರು ಹೇಳಿದ್ದರೋ ಹೊಳೆಗೇ ಗೊತ್ತು.

ಆಗ ಈ ಹೊಳೆಗೆ ಸೇತುವೆ ಇರಲಿಲ್ಲ. ಆಚೆ ದಂಡೆಗೆ ಮಾಣಿಕಪೇಟೆ ಇತ್ತು. ಈ ಸೀಮೆಯಲ್ಲಿ ಊರು ಅಂದರೆ ಅದೊಂದೇ. ಕಡಲ ಕಡೆಯಿಂದ ಎತ್ತಿನ ಬೆನ್ನ ಮೇಲೆ ಹೇರಿಕೊಂಡು ತಂದ ಉಪ್ಪು ಬಂದು ಬೀಳುತ್ತಿದ್ದದ್ದು ಅಲ್ಲಿ, ಸಂತೆ ಕೂಡುತ್ತಿದ್ದದ್ದು ಅಲ್ಲಿ, ಸುಂಕ ಕೊಡುತ್ತಿದ್ದದ್ದೂ ಅಲ್ಲಿ. ಸರ್ಜಪ್ಪ ದೇಸಾಯಿ ಅದರ ಧಣಿ. ಅವನು ಕೆಮ್ಮಿದರೆ ಸುತ್ತಿನ ಹಳ್ಳಿಗಳಲ್ಲಿ ನಾಯಿಗಳು ಬೊಗಳುವುದನ್ನು ನಿಲ್ಲಿಸುತ್ತಿದ್ದವು ಅಂತಾರೆ.

ಈಚೆ ದಂಡೆಗೆ ನಮ್ಮ ಕರಿಹಟ್ಟಿ. ಊರು ಅನ್ನುವಂಥದ್ದೇನೂ ಅಲ್ಲ, ಕುರಿ ಹಟ್ಟಿ, ಒಂದಿಷ್ಟು ಗುಡಿಸಲು, ಗುಡಿಸಲಿಗೊಂದು ಕಂಬಳಿ ಮಗ್ಗ. ಬರ ಬಂದ ವರ್ಷ ಮಾಣಿಕಪೇಟೆಯೇ ನಮಗೆ ಬೀಜ ಕೊಟ್ಟು ಉಳಿಸಿತ್ತಂತೆ. ಅದನ್ನು ಮುಚ್ಚಿಡಬಾರದು, ಹೇಳಲೇಬೇಕು. ಆಮೇಲೆ ಮಳೆ ಬೆಳೆ ಚೆನ್ನಾದವು, ಕುರಿ ಹೆಚ್ಚಿದವು, ಮಗ್ಗ ಹೆಚ್ಚಿದವು. ನಮ್ಮವರು ನೇಯ್ದ ಕಂಬಳಿಯಲ್ಲಿ ನೀರು ಹೊತ್ತು ತಂದರೂ ಹನಿ ಸೋರುತ್ತಿರಲಿಲ್ಲ ಅಂತಾರೆ. ನಾನೇನು ನೋಡಿಲ್ಲ. ಆದರೆ ಉಪ್ಪಿನ ಹೇರಿನವರು ಅಷ್ಟು ದೂರದಿಂದ ಬರುತ್ತಿದ್ದದ್ದು ಆ ಕಂಬಳಿಯ ಆಸೆಗೇ ಅನ್ನುವುದು ಖರೆ. ಉಪ್ಪು ಹಾಕಿ ಕಂಬಳಿ ಒಯ್ಯುವುದು ಅವರ ವ್ಯಾಪಾರ.

ಕರಿಹಟ್ಟಿಯ ಗೌಡನಾದವನು ದೇಸಾಯಿಯ ಚಾವಡಿಗೆ ಹೋದರೆ, ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ಮೆಟ್ಟಿಲ ಕೆಳಗೆ ನಿಲ್ಲಬೇಕು. ಅದು ಹಿಂದಿನಿಂದ ಬಂದ ಪದ್ಧತಿ. ಮಾಳಿಂಗಗೌಡನ ಅಪ್ಪ ಹಾಗೆ ನಿಂತಿದ್ದ, ಅಜ್ಜನೂ ನಿಂತಿದ್ದ. ಅಪ್ಪ ಸತ್ತ ಮೇಲೆ ಮಾಳಿಂಗ ಗೌಡನಾದ. ಪ್ರಾಯದ ಹುಡುಗ, ಎತ್ತರದ ಆಳು. ಅವನು ಒಂದು ದಿನ ರುಮಾಲು ತಲೆಯ ಮೇಲಿದ್ದಂತೆಯೇ ಮೆಟ್ಟಿಲು ಹತ್ತಿದ, ಹೋಗಿ ಜಮಖಾನೆಯ ಮೇಲೆ ಕೂತುಬಿಟ್ಟ.

"ನಿಮ್ಮಪ್ಪ ನಿಂದರೂ ಜಾಗಾ ಕೆಳಗ ಐತಿ," ಅಂದ ದೇಸಾಯಿ.

"ಅಪ್ಪನ ಜಾಗಾ ಅಪ್ಪನ ಜೋಡಿ ಹೋತ್ರಿ. ನಾ ಕುಂದರಾಕ ಬಂದೀನಿ," ಅಂದ ಮಾಳಿಂಗ.

ಅಷ್ಟೇ ಮಾತು. ಮರುದಿನವೇ ಕರಿಹಟ್ಟಿಯ ಕಂಬಳಿಗೆ ಸುಂಕ ದುಪ್ಪಟ್ಟಾಯಿತು. ಮಾಳಿಂಗ ಕಂಬಳಿ ಕಳಿಸುವುದನ್ನೇ ನಿಲ್ಲಿಸಿದ. ಅದರ ಮೇಲೆ, ಮಾಣಿಕಪೇಟೆಯ ಸಂತೆಯ ದಿನವೇ ಇಲ್ಲಿ ಬೇರೆ ಸಂತೆ ಹೂಡಿದ. ದೇಸಾಯಿ ಉಪ್ಪು ತಡೆದ. ಒಂದು ಹರಳು ಉಪ್ಪು ಹೊಳೆ ದಾಟಬಾರದು ಅಂತ ಕಾವಲು ಹಾಕಿದ.

ಉಪ್ಪಿಲ್ಲದ ಊರು ಹೇಗಿರುತ್ತದೆ, ನಿಮಗೇನು ಗೊತ್ತು? ನಮ್ಮ ಕುರಿಗಳು ಮಣ್ಣು ನೆಕ್ಕಿದವು, ಗೋಡೆ ನೆಕ್ಕಿದವು, ಬೆವೆತ ಮನುಷ್ಯರ ಅಂಗೈ ನೆಕ್ಕಿದವು. ಬಾಣಂತಿಯರು ಸಪ್ಪನೆ ಗಂಜಿ ಕುಡಿದರು. ಆಚೆಗೇನು ಸುಖವೇ? ಹೇರಿನವರು ಬಂದರು, ಕಂಬಳಿ ಇಲ್ಲ ಅಂತ ತಿಳಿದು ಎತ್ತು ಹೊಡೆದುಕೊಂಡು ಬೇರೆ ದಾರಿ ಹಿಡಿದರು. ಮಳೆಗಾಳಿ ಬೀಸಿದ್ದೇ ತಡ, ದೇಸಾಯಿಯ ಉಗ್ರಾಣದಲ್ಲಿದ್ದ ಉಪ್ಪು ಕರಗಿ ನೀರಾಗಿ ಬಾಗಿಲ ಕೆಳಗಿಂದ ಬೀದಿಗೆ ಹರಿಯಿತು. ಆದರೂ ಇಬ್ಬರೂ ಬಗ್ಗಲಿಲ್ಲ. ಇಲ್ಲಿ ಕವಣೆಗೆ ಕಲ್ಲು ಆರಿಸಿದರು, ಅಲ್ಲಿ ಕೊಡಲಿ ಮಸೆದರು.

ಈಗ ಫಕೀರವ್ವನ ಮಾತು. ಹರಿಗೋಲು ನಡೆಸುವ ಹೆಣ್ಣುಮಗಳು ಅವಳು. ತವರು ಕರಿಹಟ್ಟಿ, ಗಂಡನ ಮನೆ ಮಾಣಿಕಪೇಟೆ. ಗಂಡ ತೀರಿಕೊಂಡ ಮೇಲೆ ಹುಟ್ಟು ಅವಳ ಕೈಗೆ ಬಂತು. ಗಟ್ಟಿ ಹೆಂಗಸು, ಮಾತು ಕಡಿಮೆ. ತುಂಬಿದ ಹೊಳೆಯಲ್ಲಿ ಎಮ್ಮೆಯನ್ನು ಹರಿಗೋಲಿನಲ್ಲಿ ನಿಲ್ಲಿಸಿಕೊಂಡು ದಾಟಿಸಿದ್ದಳು ಅಂತಾರೆ. ಆಚೆಯವರು ಅವಳನ್ನು ಕರಿಹಟ್ಟಿಯವಳು ಅಂದರು, ಈಚೆಯವರು ದೇಸಾಯಿಯ ಉಪ್ಪು ತಿಂದವಳು ಅಂದರು. ಅವಳು ಇಬ್ಬರನ್ನೂ ದಾಟಿಸಿದಳು. ಹರಿಗೋಲು ನಿಲ್ಲಿಸಲಿಲ್ಲ.

ದೇಸಾಯಿಯ ಕಾವಲಿನವರು ಬಂದು ಹರಿಗೋಲಿನ ಚರ್ಮ ಹರಿದರು. ಫಕೀರವ್ವ ಅವರ ಎದುರಿಗೇ, ಹಾಡಹಗಲು, ದಂಡೆಯ ಮೇಲೆ ಕೂತು ಹೊಲಿದಳು. ಮತ್ತೆ ಹರಿದರು. ಮತ್ತೆ ಹೊಲಿದಳು. ಅವರು ಹರಿದರು, ಇವಳು ಹೊಲಿದಳು. ಕಡೆಗೆ ಹರಿಯಲು ಬಂದವನೇ ಸೂಜಿಗೆ ದಾರ ಪೋಣಿಸಿ ಕೊಟ್ಟ ಅಂತಾರೆ.

ಈ ಸುದ್ದಿ ಕೇಳಿ ದೇಸಾಯಿ ಅವಳನ್ನು ಕರೆಸಿದ. ಫಕೀರವ್ವ ಮೆಟ್ಟಿಲ ಕೆಳಗೆ ನಿಂತಳು, ಹುಟ್ಟು ಹಿಡಿದುಕೊಂಡೇ ನಿಂತಳು.

"ನಿಂದೇನ ಹಠಾ?" ಅಂತ ಕೇಳಿದ ದೇಸಾಯಿ.

"ಹಠಾ ಅಲ್ರಿ ಧಣೇರ, ಹೊಟ್ಟಿಪಾಡು. ನೀವಿಬ್ಬರೂ ಕಾದಾಡಿದರ ನನ್ನ ಹರಿಗೋಲಿನ್ಯಾಗ ಹೆಣಾನ ದಾಟಸಬೇಕಾಕ್ಕೈತಿ. ಒಮ್ಮೆ ಮಾಳಿಂಗನ ಕೂಡ ಮಾತಾಡ್ರಿ."

"ಅವಗ ಬಾ ಅನ್ನು. ರುಮಾಲ ಕೈಯಾಗ ಹಿಡದು ಬಾ ಅನ್ನು."

"ಅವ ಬರೂದಿಲ್ರಿ. ನೀವೂ ಅವನ ಹಟ್ಟಿಗೆ ಹೋಗೂದಿಲ್ಲ. ಹೊಳಿ ನಡುವ ಬರ್ರಿ. ಅಲ್ಲೆ ಯಾರ ಚಾವಡೀನೂ ಇಲ್ಲ. ಹರಿಗೋಲು ದುಂಡಗ ಐತಿ, ಮ್ಯಾಲ ಕೆಳಗ ಅನ್ನೂದಿಲ್ಲ."

ದೇಸಾಯಿ ನಕ್ಕನಂತೆ. ಅವಳು ಈಚೆಗೆ ಬಂದು ಮಾಳಿಂಗನಿಗೆ ಹೇಳಿದಾಗ ಅವನೂ ನಕ್ಕ. ಆಮೇಲೆ ಇಬ್ಬರೂ ಹೇಗೆ ಒಪ್ಪಿದರೋ? 'ಆತ ನೀರಿಗೆ ಅಂಜ್ಯಾನ, ನೀವು ಅಂಜೂದಿಲ್ಲಲ್ಲ' ಅಂತ ಇಬ್ಬರಿಗೂ ಒಂದೇ ಸುಳ್ಳು ಹೇಳಿದಳು ಅಂತ ಕೆಲವರು ಅಂತಾರೆ. ಸುಳ್ಳು ಹೇಳುವವಳಲ್ಲ, ಇಬ್ಬರ ಬಾಗಿಲಿಗೂ ಊಟ ಬಿಟ್ಟು ಕೂತಳು ಅಂತ ಇನ್ನು ಕೆಲವರು. ಬೀದಿಯಲ್ಲಿ ಹರಿಯುತ್ತಿದ್ದ ಉಪ್ಪುನೀರೂ, ಗೋಡೆ ನೆಕ್ಕುತ್ತಿದ್ದ ಕುರಿಗಳೂ ತಮ್ಮ ಕೆಲಸ ಮಾಡಿರಬೇಕು. ಒಟ್ಟಿನಲ್ಲಿ ಇಬ್ಬರೂ ಹರಿಗೋಲು ಹತ್ತಿದರು. ಎರಡೂ ದಂಡೆಗೆ ಜನ ಸೇರಿದರು, ಕೊಡಲಿ ಹಿಡಿದವರು ಅಲ್ಲಿ, ಕವಣೆ ಹಿಡಿದವರು ಇಲ್ಲಿ.

ನಡುಹೊಳೆಗೆ ಬಂದರೂ ಇಬ್ಬರೂ ಬಾಯಿ ಬಿಡಲಿಲ್ಲ. ಒಬ್ಬ ಮೂಡಣಕ್ಕೆ ಮುಖ ಮಾಡಿದ, ಒಬ್ಬ ಪಡುವಣಕ್ಕೆ. ಹರಿಗೋಲು ತಿರುಗುವ ವಾಹನವಲ್ಲವೇ, ಸುತ್ತಿ ಸುತ್ತಿ ಇಬ್ಬರ ಮುಖವನ್ನೂ ಎಲ್ಲ ದಿಕ್ಕಿಗೂ ತೋರಿಸಿತು. ಆಗ ಫಕೀರವ್ವ ಹುಟ್ಟು ಎತ್ತಿದಳು. ಎತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಹರಿಗೋಲು ತಾನೇ ತೇಲಿತು. ಹೊಳೆ ಇಳಿಯುವ ಕಡೆ ಬಂಡೆಸಾಲು ಇದೆ, ನೀವೆಲ್ಲ ನೋಡಿದ್ದೀರಿ, ನೀರು ಅಲ್ಲಿ ಕುದಿಯುತ್ತದೆ. ಅತ್ತ ತೇಲಿತು.

"ಹುಟ್ಟು ಹಾಕು," ಅಂದ ದೇಸಾಯಿ.

"ಯಾವ ದಂಡಿಗ್ರಿ?"

"ಮಾಣಿಕಪ್ಯಾಟಿಗೆ."

"ಕರಿಹಟ್ಟಿಗೆ," ಅಂದ ಮಾಳಿಂಗ.

"ಇರೂದು ಒಂದ ಹರಿಗೋಲು. ಎರಡು ದಂಡಿಗೆ ನಡಸೂದು ನನಗ ಬರೂದಿಲ್ಲ," ಅಂದಳು. ಹುಟ್ಟು ಮುಟ್ಟಲಿಲ್ಲ.

ಬಂಡೆಸಾಲಿನ ಸದ್ದು ಕೇಳಿಸತೊಡಗಿತು. ಮಾಳಿಂಗ ಈಜುಗಾರ, ಚಿಕ್ಕಂದಿನಿಂದ ಈ ಹೊಳೆಯಲ್ಲಿ ಬಿದ್ದು ಬೆಳೆದವನು. ದೇಸಾಯಿಗೆ ಈಜು ಬಾರದು, ವಯಸ್ಸೂ ಆಗಿತ್ತು. ಮಾಳಿಂಗ ಎದ್ದು ಹರಿಗೋಲಿನ ಅಂಚಿಗೆ ಕೈ ಊರಿದ. ದಂಡೆಯ ಮೇಲಿನ ನಮ್ಮವರು ಜಿಗಿ ಜಿಗಿ ಅಂತ ಕೂಗಿದರು. ಅವನು ಜಿಗಿದಿದ್ದರೆ ಹರಿಗೋಲು ಮಗುಚಿ, ಮಾಣಿಕಪೇಟೆಗೆ ಆವತ್ತೇ ಧಣಿ ಇರುತ್ತಿರಲಿಲ್ಲ. ಮಾಳಿಂಗ ನೀರು ನೋಡಿದ. ತಿರುಗಿ ಮುದುಕನನ್ನು ನೋಡಿದ. ಕೈ ತೆಗೆದು ಮತ್ತೆ ಕೂತುಕೊಂಡ.

ಮುದುಕ ಅದನ್ನು ಕಂಡ. ಆಮೇಲೆ, "ಫಕೀರವ್ವಾ, ಇವನ ದಂಡಿಗೇ ನಡಸವಾ," ಅಂದ.

ಆ ಮಾತು ಬಿದ್ದದ್ದೇ ಅವಳು ಹುಟ್ಟು ಹಾಕಿದಳು. ಆದರೆ ಹೊತ್ತು ಮೀರಿತ್ತು. ಬಂಡೆಯ ಮೂಲೆ ತಗುಲಿ ಹೊಲಿಗೆ ಬಿಟ್ಟಿತು, ನೀರು ನುಗ್ಗಿತು. ಎತ್ತಿ ಹೊಯ್ಯಲು ಹರಿಗೋಲಿನಲ್ಲಿ ಏನಿತ್ತು? ಏನೂ ಇರಲಿಲ್ಲ. ಮಾಳಿಂಗ ತಲೆಯ ರುಮಾಲು ಕಿತ್ತು, ಹೊಲಿಗೆ ಬಿಟ್ಟಲ್ಲಿ ತುರುಕಿ ಮೊಣಕಾಲಿನಿಂದ ಒತ್ತಿ ಹಿಡಿದ. ಸಾಲಲಿಲ್ಲ. ಆಗ ದೇಸಾಯಿಯೂ ತನ್ನ ಜರಿ ರುಮಾಲು ಬಿಚ್ಚಿ ಕೊಟ್ಟ. ಕೊಟ್ಟು, ಬೊಗಸೆಯಿಂದ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲಿದ. ಫಕೀರವ್ವನ ಅಂಗೈ ಸುಲಿದು ಹುಟ್ಟಿನ ಹಿಡಿ ಕೆಂಪಾಯಿತು ಅಂತಾರೆ. ಅವಳು ಬಿಡಲಿಲ್ಲ. ಹೊಳೆ ಎಳೆಯಿತು, ಅವಳೂ ಎಳೆದಳು.

ಕರಿಹಟ್ಟಿಯ ಮರಳಿನ ಮೇಲೆ ಬಂದು ಬಿದ್ದಾಗ ದೇಸಾಯಿಯ ತಲೆಯೂ ಬರಿದು, ಗೌಡನ ತಲೆಯೂ ಬರಿದು. ಯಾರು ಯಾರಿಗೆ ಬಗ್ಗಿದರು ಅಂತ ಎರಡೂ ದಂಡೆಯ ಜನಕ್ಕೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಒಪ್ಪಂದ ಅಲ್ಲೇ ಮರಳಿನ ಮೇಲೆ ಆಯಿತು. ಸುಲಭಕ್ಕಲ್ಲ ಮತ್ತೆ! ಕೂಗಾಡಿದರು, ಎದ್ದು ಹೋದರು, ತಿರುಗಿ ಬಂದು ಕೂತರು. ದೇಸಾಯಿ ಹೆಚ್ಚಿಸಿದ ಸುಂಕ ಇಳಿಸಿದ. ಮಾಳಿಂಗ ತನ್ನ ಸಂತೆಯನ್ನು ಬೇರೆ ದಿನಕ್ಕೆ ಹಾಕಿಕೊಂಡ, ಆದರೆ ಬಿಡಲಿಲ್ಲ. ಉಪ್ಪು ಇತ್ತ ಬಂತು, ಕಂಬಳಿ ಅತ್ತ ಹೋಯಿತು. ಚಾವಡಿಯಲ್ಲಿ ಕರಿಹಟ್ಟಿಗೂ ಜಮಖಾನೆ ಹಾಸಿದರು. ಇಬ್ಬರೂ ಗೆಳೆಯರಾದರೇ ಅಂತ ಕೇಳಬೇಡಿ. ಇಲ್ಲ. ಸಾಯುವ ತನಕ ಒಬ್ಬರ ಬೆನ್ನ ಹಿಂದೆ ಒಬ್ಬರು ಬೈದುಕೊಂಡೇ ಇದ್ದರು. ಆದರೆ ಉಪ್ಪು ಮತ್ತೆಂದೂ ನಿಲ್ಲಲಿಲ್ಲ.

ನಿನಗೇನು ಬೇಕು ಕೇಳು ಅಂದರು ಇಬ್ಬರೂ. ಫಕೀರವ್ವ ಹೊಸದೊಂದು ಎಮ್ಮೆಯ ಚರ್ಮ ಕೇಳಿದಳು. ಇನ್ನೊಂದು ಮಾತೂ ಹೇಳಿದಳು: "ನೀವು ಎಷ್ಟರೆ ಜಗಳಾಡ್ರಿ, ಹರಿಗೋಲು ಮಾತ್ರ ನಿಂದರಸಬ್ಯಾಡ್ರಿ." ಅದಕ್ಕೂ ಇಬ್ಬರೂ ಹೂಂ ಅಂದರು. ಮುಪ್ಪಾಗುವವರೆಗೂ ಅವಳೇ ನಡೆಸಿದಳು. ಬಂಡೆಸಾಲಿನ ಕಡೆ ಹೋದರೆ ಅವಳ ಹುಟ್ಟಿನ ಸದ್ದು ಇವತ್ತಿಗೂ ಕೇಳುತ್ತದೆ ಅಂತಾರೆ.

ಈಗ ಸೇತುವೆ ಆಗಿದೆ, ಬಸ್ಸುಗಳು ಓಡಾಡುತ್ತವೆ. ಆದರೂ ಎರಡು ಊರ ನಡುವೆ ಮಾತು ಕೆಟ್ಟರೆ ಹಿರಿಯರು ಚಾವಡಿಗೆ ಹೋಗುವುದಿಲ್ಲ, ಕಟ್ಟೆಗೆ ಹೋಗುವುದಿಲ್ಲ. ತಲೆಯ ಮೇಲಿನ ಟೋಪಿ ರುಮಾಲು ದಂಡೆಗೆ ಇಟ್ಟು, ಹರಿಗೋಲು ಹತ್ತಿ ನಡುಹೊಳೆಗೆ ಹೋಗುತ್ತಾರೆ. ಹುಟ್ಟು ಹೆಣ್ಣುಮಗಳ ಕೈಯಲ್ಲೇ ಇರಬೇಕು. ಮಾತು ಮುಗಿಯುವ ತನಕ ಅವಳು ದಂಡೆಗೆ ತರುವುದಿಲ್ಲ.

ಮಾಣಿಕಪೇಟೆ ಈಗ ಸಣ್ಣದಾಗಿದೆ. ದೊಡ್ಡವರು ನಾವು. ಹೊಳೆಯ ಕೆಳಗಿನ ಆ ಸಣ್ಣ ಗುಡ್ಲಕೇರಿಯವರು ನಿನ್ನೆ ಬಂದಿದ್ದರಲ್ಲ, ನಮಗೂ ಒಂದು ಸಂತೆ ಬೇಕು ಅಂತ, ಅವರು ಪಂಚಾಯಿತಿಯ ಕುರ್ಚಿಯ ಮೇಲೆ ಕೂತದ್ದಕ್ಕೆ ನೀವೆಲ್ಲ ಮುಖ ಗಂಟು ಹಾಕಿದಿರಿ. ನಾನು ನೋಡಿದೆ. ನಾಳೆ ಬೆಳಿಗ್ಗೆ ಹರಿಗೋಲು ತರಿಸಲು ಹೇಳಿದ್ದೇನೆ. ಟೋಪಿ ಮನೆಯಲ್ಲೇ ಬಿಟ್ಟು ಬರ್ರಿ.