ಟಿಕ್ಕಿಗೊಂದು ಏಟು

ಒಂದು ಏಟು ಹೊಡೆದು ಎಷ್ಟೋ ಹೊತ್ತು ಸುಮ್ಮನಿರುತ್ತೆ, ಆದರೂ ಸೋಮಾರಿ ಅಲ್ಲ. ಅದೇನು, ಹೇಳಿ ನೋಡೋಣ? ನಿಮಗೆ ಗೊತ್ತಾಗಲ್ಲ ಬಿಡಿ. ಹಳೇ ಕಾರುಗಳನ್ನು ರಿಪೇರಿ ಮಾಡುವ ಗ್ಯಾರೇಜಿನ ಗಡಿಯಾರಕ್ಕೇ ಗೊತ್ತಾಗಲಿಲ್ಲ.

ಆ ಗಡಿಯಾರವೇ ಅಲ್ಲಿನ ಮೇಸ್ತ್ರಿ. ಒಂದು ದಿನ ಅದು ಗೋಡೆಯ ಮೇಲಿಂದಲೇ ಮರದ ಸುತ್ತಿಗೆಯನ್ನು ಗದರಿಸಿತು. "ಏನಯ್ಯಾ, ಒಂದು ಏಟು ಹಾಕಿ ನಿದ್ದೆ ಹೊಡೀತೀಯಾ?"

"ನಿದ್ದೆ ಅಲ್ಲ ಸ್ವಾಮಿ. ಈ ನೆಗ್ಗಿದ ಮಡ್‌ಗಾರ್ಡಿಗೆ ಎಪ್ಪತ್ತು ವರ್ಷ. ಒಂದು ಏಟು ಹಾಕಿ, ತಗಡು ಏನನ್ನುತ್ತೆ ಅಂತ ಕೇಳಿಸಿಕೊಂಡು, ಆಮೇಲೆ ಇನ್ನೊಂದು ಹಾಕಬೇಕು. ಇದು ಹೋದರೆ ಇಂಥದ್ದು ಮತ್ತೆ ಸಿಗಲ್ಲ."

"ನಾನು ಎಂದಾದರೂ ಸುಮ್ಮನಿದ್ದೀನಾ? ನಾನು ಟಿಕ್ ಟಿಕ್ ಅನ್ನುವಾಗ ಟಿಕ್ಕಿಗೊಂದು ಏಟು ಬೀಳಬೇಕು. ಇಲ್ಲದಿದ್ದರೆ ಕಬ್ಬಿಣದ ಸುತ್ತಿಗೆಯನ್ನು ಕರೆಸ್ತೀನಿ."

ಮಡ್‌ಗಾರ್ಡ್ ನಡುಗಿತು. "ಅವನು ಬೇಡ ಅಣ್ಣಾ, ನೀನೇ ಹೊಡಿ."

ಸುತ್ತಿಗೆ ಟಿಕ್ಕಿಗೊಂದರಂತೆ ಹೊಡೆಯಿತು. ತಗಡು ತೆಳ್ಳಗಾಗಿ ಉಬ್ಬಿತು. "ಅಣ್ಣಾ, ಸಾಕು ನಿಲ್ಲಿಸು" ಎಂದು ಅದು ಕೂಗಿದ್ದು ಆ ಸದ್ದಿನಲ್ಲಿ ಸುತ್ತಿಗೆಗೆ ಕೇಳಿಸಲೇ ಇಲ್ಲ. ತಗಡು ನಟ್ಟನಡುವೆ ಹರಿಯಿತು.

"ಭೇಷ್! ಸಂಜೆಯೊಳಗೇ ಮುಗೀತು" ಎಂದಿತು ಗಡಿಯಾರ.

ಆಮೇಲೆ ಗಡಿಯಾರಕ್ಕೆ ನಾಚಿಕೆಯಾಗಿ ಅದು ನಿಂತೇಹೋಯಿತು, ಹರಿದ ಮಡ್‌ಗಾರ್ಡ್ ಮತ್ತೆ ಕೂಡಿಕೊಂಡಿತು, ಕಾರು ಹೂವಿನ ಹಾರ ಹಾಕಿಕೊಂಡು ಮದುವೆ ಮೆರವಣಿಗೆಗೆ ಹೋಯಿತು.

ಈ ಕೊನೆ ನಾನೇ ಕಟ್ಟಿದ್ದು, ತಪ್ಪು ತಿಳೀಬೇಡಿ. ಹರಿದ ತಗಡು ಮೂಲೆಯಲ್ಲಿ ಬಿದ್ದಿದೆ, ಸುತ್ತಿಗೆ ಅದರ ಪಕ್ಕದಲ್ಲೇ ಕೂತು ಈಗಲೂ ಕಿವಿಗೊಡ್ತಿದೆ. ಗಡಿಯಾರ ಮಾತ್ರ ಓಡ್ತಾನೇ ಇದೆ.