ಯಾರ ಮನೆ ಹಿರಿಯನೋ

ದಿಂಬಿನ ಕೆಳಗೆ ಬೆಂಕಿಪೊಟ್ಟಣ ಇಟ್ಕೊಂಡಿದ್ದೀಯಲ್ಲ ಕೂಸೇ, ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಒಳಗೆ ಜೀರ್ಜಿಂಬೆ ಕೆರಕೆರ ಅಂತಿದೆ. ಇರಲಿ, ಮಲಕ್ಕೋ, ಅದರದ್ದೇ ಒಂದು ಕತೆ ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ ಜಾಲಿಕಾಡಿನ ಅಂಚಲ್ಲಿ ಆಡು ಮೇಯಿಸೋರ ಒಂದು ಹಟ್ಟಿ ಇತ್ತಂತೆ. ಮನೆಗೊಂದು ತುಂಡು ಕಾಡು. ಸತ್ತೋರನ್ನ ಅವರವರ ಕಾಡಲ್ಲೇ ಮಣ್ಣು ಮಾಡಿ ಕಲ್ಲು ನೆಡ್ತಿದ್ರಂತೆ. ಆಮೇಲೆ ಮಾರ್ನಮಿ ಅಮಾಸೆ ದಿನ ಆ ಕಲ್ಲಿನ ಮುಂದೆ ಎಡೆ ಇಟ್ಟು ಕಾಯೋದು. ಬೇರೆ ಊರಲ್ಲಿ ಕಾಗೆ ಮುಟ್ಟಬೇಕು ಅಂತಾರಲ್ಲ, ಇವರಲ್ಲಿ ಹಸಿರು ಜೀರ್ಜಿಂಬೆ ಬಂದು ಕೂರಬೇಕು. ಕೂತರೆ ಹಿರಿಯ ಬಂದ ಅಂತ ಲೆಕ್ಕ. ಅಲ್ಲೀವರೆಗೆ ಮನೆಯೋರು ಬಾಯಿಗೆ ತುತ್ತು ಹಾಕೋ ಹಾಗಿಲ್ಲ.

ಆ ಹಟ್ಟೀಲಿ ಕಾಟಮ್ಮ ಅಂತ ಒಬ್ಬಳಿದ್ದಳಂತೆ. ಗಂಡ ಎತ್ತಪ್ಪ ಜ್ವರ ಬಂದು ಮೂರೇ ದಿನದಲ್ಲಿ ಹೋಗ್ಬಿಟ್ಟ. ಆ ಸಂಕಟ ಶತ್ರುಗೂ ಬೇಡ. ಅವನ ಕೈಯಾಡಿದ ಕಾಡಿದು, ಇನ್ನು ಕುಡುಗೋಲು ತಾಗಕೂಡದು, ಆಡು ಬಾಯಿ ಹಾಕಕೂಡದು ಅಂತ ಆಣೆ ಮಾಡಿ ಸುತ್ತ ಬೇಲಿ ಕಟ್ಟಿಸಿದಳಂತೆ. ಎತ್ತಪ್ಪ ಇದ್ದಾಗ ವರ್ಷ ವರ್ಷ ಕೊಂಬೆ ಸವರಿ ಆಡಿಗೆ ಸೊಪ್ಪು ಹಾಕ್ತಿದ್ದ, ಒಳಗೆಲ್ಲ ಬಿಸಿಲು ಬೀಳ್ತಿತ್ತು. ಈಗ ಐದಾರು ವರ್ಷಕ್ಕೆ ಮುಳ್ಳುಪೊದೆ ಎದ್ದು, ಬಳ್ಳಿ ಹಬ್ಬಿ, ಮಟಮಟ ಮಧ್ಯಾಹ್ನವೂ ಕತ್ತಲು. ಹುಲ್ಲು ಹೋಯ್ತು, ಹೂವು ಹೋಯ್ತು, ಆಮೇಲೆ ಜೇನು, ಚಿಟ್ಟೆ, ಕೊನೆಗೆ ಜೀರ್ಜಿಂಬೆನೂ ಹೋಯ್ತಂತೆ.

ಒಂದು ಮಾರ್ನಮಿಗೆ ಎಡೆ ಇಟ್ಟರೆ ಯಾರೂ ಬರಲಿಲ್ಲ. ಅವನಿಗೆ ನನ್ನ ಮೇಲೆ ಮುನಿಸು ಅಂದ್ಕೊಂಡು ಕಾಟಮ್ಮ ಮೂರು ದಿನ ಉಪವಾಸ ಕೂತಳಂತೆ, ಹಟ್ಟಿಯೋರೇ ಬಲವಂತವಾಗಿ ಗಂಜಿ ಕುಡಿಸಿದ್ರು. ಅವಳಿಗೆ ಮೂರು ಮಕ್ಕಳು. ಮಾರನೇ ವರ್ಷ ದೊಡ್ಡ ಮಗ ಎಡೆಗೆ ಹೋಳಿಗೆ, ಜೇನುತುಪ್ಪ ಎಲ್ಲಾ ಇಟ್ಟ, ಬಂದಿದ್ದು ನೊಣ. ಆರು ದಿನ ಉಪವಾಸ. ಅದರ ಮುಂದಿನ ವರ್ಷ ನಡುವಿನ ಮಗ ಪಕ್ಕದೋರ ಕಾಡಿಂದ ಒಂದು ಜೀರ್ಜಿಂಬೆ ಹಿಡಿದು, ಸೋರೆಬುರುಡೇಲಿ ತಂದು ಎಡೆ ಮೇಲೆ ಬಿಟ್ಟನಂತೆ. ಕಾಟಮ್ಮ ಕಣ್ಣೀರು ಹಾಕಿ, ಇದು ಯಾರ ಮನೆ ಹಿರಿಯನೋ ಮಗಾ, ಅವರ ಮಕ್ಕಳು ಹಸ್ಕೊಂಡು ಕಾಯ್ತಿರ್ತಾರೆ, ಬಿಟ್ಟು ಬಾ ಅಂದಳಂತೆ. ಅಷ್ಟರಲ್ಲಿ ಅದೇ ಎದ್ದು ಬೇಲಿ ದಾಟಿ ಬಿಸಿಲಿಗೆ ಹಾರಿಹೋಯ್ತು. ಆ ಸಲ ಒಂಬತ್ತು ದಿನ ಉಪವಾಸ, ಬದುಕಿದ್ದೇ ಹೆಚ್ಚು. ಇನ್ನೊಂದು ಸಲ ಹೀಗಾದ್ರೆ ಇವಳು ಉಳಿಯಲ್ಲ ಅಂದ್ರಂತೆ ಹಟ್ಟಿಯೋರು.

ಅದು ಬಿಸಿಲಿಗೆ ಹಾರಿದ್ದನ್ನ ಕೊನೇ ಮಗಳು ಸಣ್ಣೀರಿ ನೋಡಿದ್ದಳು. ಯುಗಾದಿ ಕಳೀತಿದ್ದಂಗೆ ಅಪ್ಪನ ಕುಡುಗೋಲು ತಗೊಂಡು, ಬೇಲಿ ಕಿತ್ತು, ಕಲ್ಲಿನ ಸುತ್ತ ಪೊದೆ ಸವರಿ, ಕೊಂಬೆ ಇಳಿಸಿ, ಆಡು ಬಿಟ್ಟಳಂತೆ. ಕಾಟಮ್ಮ ಓಡಿ ಬಂದು ಎದೆ ಎದೆ ಬಡ್ಕೊಂಡು, ನಿಮ್ಮಪ್ಪನ್ನ ಇನ್ನೊಂದು ಸಲ ಕೊಂದೆಯಲ್ಲೇ ಅಂದಳಂತೆ. ಆಮೇಲೆ ಮಗಳ ಜೊತೆ ಮಾತೇ ಇಲ್ಲ. ಸಣ್ಣೀರಿ ಅಳ್ತಾ ಅಳ್ತಾನೇ ಸವರಿದಳು, ಕೈ ಮಾತ್ರ ನಿಲ್ಲಿಸಲಿಲ್ಲ.

ಮಳೆ ಬಂತು. ಬಿಸಿಲು ಬಿದ್ದ ಕಡೆ ಹುಲ್ಲೆದ್ದಿತು, ತುಂಬೆ ಹೂ ಬಿಡ್ತು, ಚಿಟ್ಟೆ ಬಂತು, ಜೇನು ಬಂತು, ಕಡಿದು ಬಿಸಾಡಿದ ಕೊಂಬೇಲಿ ದುಂಬಿ ತೂತು ಕೊರೀತು. ಆಮೇಲೆ ಮಾರ್ನಮಿ ಬಂತು. ಕಾಟಮ್ಮ ಎಡೆ ಇಟ್ಟು ಕೂತಳು, ಹೋದ ವರ್ಷದ ಉಪವಾಸಕ್ಕೆ ಸೊರಗಿದ ಮೈ, ಏಳೋ ಶಕ್ತಿ ಇಲ್ಲ. ಹೊತ್ತು ನೆತ್ತಿಗೆ ಬರ್ತಿದ್ದಂಗೆ ಜುಂಯ್ ಅಂತ ಒಂದು ಹಸಿರು ಜೀರ್ಜಿಂಬೆ ಬಂದು ಎಡೆ ಮೇಲೆ ಕೂತೇಬಿಡ್ತಂತೆ. ನಾನೇ ಬಾಗಿಲಿಗೆ ಅಗುಳಿ ಹಾಕ್ಕೊಂಡು ನಾನೇ ನಿನ್ನ ಕರೀತಿದ್ದೆನಲ್ಲ ನನ್ನ ದೊರೆಯೇ ಅಂತ ಕಾಟಮ್ಮ ಗೊಳೋ ಅಂತ ಅತ್ತು, ಮೊದಲ ತುತ್ತನ್ನ ಸಣ್ಣೀರಿ ಕೈಯಿಂದಲೇ ತಿಂದಳಂತೆ.

ಉಳಿದ ಕಾಡನ್ನೂ ಸವರಕ್ಕೆ ಹೊರಟ ಗಂಡುಮಕ್ಕಳನ್ನ ಕಾಟಮ್ಮನೇ ತಡೆದಳು. ನೆರಳಲ್ಲಿರೋ ಹುಳಾನೂ ಯಾರದ್ದೋ ಹಿರಿಯ ಇರಬಹುದು, ವರ್ಷಕ್ಕೊಂದು ಕಡೆ ಬಿಸಿಲು ಬಿಡಿ, ಸಾಕು ಅಂದಳಂತೆ. ಹಂಗೇ ನಡೆಸ್ಕೊಂಡು ತಾಯಿ ಮಕ್ಕಳು ಸುಖವಾಗಿದ್ರಂತೆ.

ಕತೆ ಮುಗೀತು, ಎಡೆ ಎತ್ತಿದ್ದಾಯ್ತು. ಯಾಕೆ ಕೂಸೇ, ಎದ್ದು ಕೂತೆ? ಪೊಟ್ಟಣದೊಳಗಿರೋದು ಯಾರ ಮನೆಯೋರು ಅಂತ ನಂಗೇನು ಗೊತ್ತು. ನಿಮ್ಮ ತಾತನೇ ಇದ್ದರೂ ಇರಬಹುದು. ಬಿಸಿಲೇರಿದ ಮೇಲೆ ಇಬ್ಬರೂ ಹೋಗಿ ಜಾಲಿಮರದ ಮೇಲೆ ಬಿಟ್ಟು ಬರೋಣ. ಇವತ್ತೊಂದು ರಾತ್ರಿ ಇಲ್ಲಿ ಕೊಡು, ನನ್ನ ದಿಂಬಿನ ಹತ್ರ ಇರಲಿ.